ಮೂವತ್ತೇಳನೆಯ ಮಿಂಚುಳ್ಳಿ

ಘಣಸೋಲಿ
15 ನವೆಂಬರ್ 2025, ಶನಿವಾರ

ನನ್ನವ್ವ ನಿಕಿತಾ,

ಈಗ ಸಂಜೆ ಆರೂವರೆ. ಬೆಳಿಗ್ಗೆ ನಿಮ್ಮಪ್ಪನ ಅಂಗಿಗಳನ್ನು ಮಡಚಿಟ್ಟೆ, ಮಧ್ಯಾಹ್ನ ಲೋಕಲ್ ಹಿಡಿದು ಠಾಣೆ ಊರಿಗೆ ಹೋಗಿ ಬಂದೆ. ಅವರು ಹೋಗಿ ಇವತ್ತಿಗೆ ಮೂರು ತಿಂಗಳು.

ನೀನು ಚಿಕ್ಕವಳಿದ್ದಾಗ ಬಬಲ್‌ಗಮ್ ಜೊತೆ ಬರುತ್ತಿದ್ದ ಹಕ್ಕಿ ಕಾರ್ಡುಗಳನ್ನು ನಿನ್ನ ಮಗಳು ಮಾನ್ಯಾಗೆ ಕೊಡಬೇಕು, ನಕಲಿ ಇದ್ದರೆ ತೆಗೆದುಬಿಡು ಎಂದಿದ್ದೆಯಲ್ಲ. ಠಾಣೆಯಲ್ಲಿ ಹಳೆಯ ನಾಣ್ಯ, ಕಾರ್ಡು ಮಾರುವ ಸರ್ವೋತ್ತಮರು ಮಂಗಳೂರು ಕಡೆಯವರು. ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸಲು ನಾಲ್ಕು ಶನಿವಾರದಿಂದ ನನಗೇ ಕಲಿಸುತ್ತಿದ್ದಾರೆ. ಮುಖ ನೋಡಿ ಮರುಳಾಗ್ಬೇಡಿ ಮಾರಾಯ್ರೆ, ಬೆನ್ನು ನೋಡಿ ಎಂದು ಮೊದಲ ದಿನವೇ ನಗಿಸಿದರು. ಹಳೆಯ ರಟ್ಟಿನ ಬೆನ್ನು ಚಹಾ ಬಣ್ಣಕ್ಕೆ ತಿರುಗಿರುತ್ತದೆ, ಗಮ್ಮಿನ ಸಕ್ಕರೆಯ ಕಲೆಯೂ ಇರುತ್ತದೆ.

ಇವತ್ತು ಮಸೂರ ಹಿಡಿದು ನಾನೇ ನೋಡಿದೆ. ನಲವತ್ತೆಂಟರಲ್ಲಿ ನಲವತ್ತೇಳು ಅಸಲಿ. ಮೂವತ್ತೇಳನೆಯದು, ನಿನ್ನ ಮಿಂಚುಳ್ಳಿ, ನಕಲಿ. ಉಳಿದ ಹಕ್ಕಿಗಳಲ್ಲಿ ಕೆಂಪು ಬಣ್ಣ ಗೆರೆಯಿಂದ ಕೂದಲೆಳೆಯಷ್ಟು ಆಚೆ ಜಾರಿದೆ. ಅಗ್ಗದ ಅಚ್ಚು. ಮಿಂಚುಳ್ಳಿಯ ಕೊಕ್ಕಿನ ಕೆಂಪು ಮಾತ್ರ ಗೆರೆ ದಾಟಿಲ್ಲ. ಇದನ್ನು ಮಾಡಿದವ ಕಳ್ಳ ಅಲ್ಲ ಅಕ್ಕ, ಕಳ್ಳ ಆಗಿದ್ರೆ ತಪ್ಪನ್ನೂ ಕದೀತಿದ್ದ ಎಂದರು ಸರ್ವೋತ್ತಮರು.

ನಿಮ್ಮಪ್ಪ ತುರ್ಭೆಯ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮಷಿನ್ ನಡೆಸಿದವರು. ಬಣ್ಣ ಜಾರಿದ ಹಾಳೆಯನ್ನು ಹೊರಗೆ ಬಿಟ್ಟವರಲ್ಲ. ಶಾಲೆಯ ನಾಲ್ಕನೇ ಇಯತ್ತೆಯಲ್ಲಿ ಕಾರ್ಡು ಕಳೆದೆನೆಂದು ನೀನು ಊಟ ಬಿಟ್ಟಾಗ, ಕಲ್ಯಾಣದ ಅಂಗಡಿಯಲ್ಲಿ ಸಿಕ್ಕಿತೆಂದು ಇನ್ನೊಂದು ತಂದುಕೊಟ್ಟರಲ್ಲ, ಅದೇ ಇದು. ಆ ವಾರ ಪಕ್ಕದ ಮನೆಯ ಅಂಬರೀಶನ ಮಿಂಚುಳ್ಳಿಯನ್ನು ಎರಡು ದಿನದ ಮಟ್ಟಿಗೆ ಕೇಳಿ ಒಯ್ದಿದ್ದರು. ಯಾಕೆಂದು ಇವತ್ತು ತಿಳಿಯಿತು. ಅದರಂತೆಯೇ ಬಣ್ಣ ಜಾರಿಸಿ ಅಚ್ಚು ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರ ಕೈ ಒಪ್ಪಲಿಲ್ಲ.

ಅದನ್ನು ತೆಗೆದುಹಾಕಲು ನನ್ನಿಂದ ಆಗಲಿಲ್ಲ, ನಿಕಿತಾ. ಇಡುವುದೋ ಬಿಡುವುದೋ ನೀನೇ ನೋಡು. ಎದುರಿಗೆ ಕೂತರೆ ಹೇಳಲಾರೆ, ಅದಕ್ಕೇ ಬರೆದು ಆಲ್ಬಮ್ಮಿನಲ್ಲಿ ಆ ಕಾರ್ಡಿನ ಹಿಂದೆ ಇಡುತ್ತಿದ್ದೇನೆ.

ನಿನ್ನ ಅವ್ವ,
ಸುಲೋಚನಾ

ತಾ.ಕ.: ಮೊದಲಿನ ಕಾರ್ಡನ್ನು ನೀನು ಕಳೆದಿರಲಿಲ್ಲ. ಶಾಲೆಯ ಅಭ್ಯಾಸ ಬಿಟ್ಟು ಅದನ್ನೇ ನೋಡುತ್ತ ಕೂತಿದ್ದಿ ಎಂಬ ಸಿಟ್ಟಿಗೆ ನಾನೇ ಸ್ಟೋವಿನ ಉರಿಗೆ ಹಿಡಿದೆ. ನಿಮ್ಮಪ್ಪ ನೋಡಿದ್ದರು. ಸಾಯುವವರೆಗೂ ಒಮ್ಮೆಯೂ ಎತ್ತಿ ಆಡಲಿಲ್ಲ. ನಾಳೆ ಆಲ್ಬಮ್ ಒಯ್ಯಲು ನೀನು ಡೊಂಬಿವಲಿಯಿಂದ ಬರುವಾಗ ನಾನು ಮನೆಯಲ್ಲೇ ಇರುತ್ತೇನೆ.