ನಿನ್ನ ಯಜಮಾನರ ಟ್ಯೂಬು

ಪ್ರಯೋಗಾಲಯದ ಹಿಂದಿನ ಕೋಣೆ,
ಗುರುವಾರ, ಊಟದ ಬಿಡುವು

ಮುದ್ದಿನ ತಂಗಿಗೆ, ಅಕ್ಕನ ನೆನಪುಗಳು.

ಹೇಗಿದ್ದೀಯೆ? ವಾಂತಿ ನಿಂತಿತೇ? ಬೆಳಿಗ್ಗೆ ಎದ್ದ ತಕ್ಷಣ ಏನಾದರೂ ತಿನ್ನು ಅಂದಿದ್ದೆ, ತಿನ್ನುತ್ತಿದ್ದೀಯೋ ಇಲ್ಲವೋ. ಆಸ್ಪತ್ರೆಗೆ ಬಂದವರಿಗೆಲ್ಲ ಬುದ್ಧಿ ಹೇಳುವ ನರ್ಸಮ್ಮನಿಗೆ ಬುದ್ಧಿ ಹೇಳುವವರು ಯಾರು? ಅಮ್ಮ ಚೆನ್ನಾಗಿದ್ದಾಳೆ, ಮೊಮ್ಮಗುವಿಗೆಂದು ಟೋಪಿ ಹೆಣೆಯುತ್ತಿದ್ದಾಳೆ; ಅಳತೆ ನೋಡಿದರೆ ಅದು ನಿನ್ನ ಯಜಮಾನರಿಗೇ ಸರಿಹೋಗುತ್ತದೆ. ನಾನೂ ಚೆನ್ನಾಗಿಯೇ ಇದ್ದೆ, ನೀನು ಕಳಿಸಿದ ಟ್ಯೂಬುಗಳು ಬರುವವರೆಗೆ.

ಫಲಿತಾಂಶ ಏನೆಂದು ಪುಟ ತಿರುಗಿಸಬೇಡ. ಮೊದಲು ನಾನು ಬೈದು ಮುಗಿಸುತ್ತೇನೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಚಿಕ್ಕಮ್ಮನ ಮಗ ಆ ರಕ್ತದ ಕಾಯಿಲೆಯಿಂದ ಕೈಕಾಲು ನೋವೆಂದು ಕೂಗಿಕೊಳ್ಳುತ್ತಿದ್ದುದನ್ನು ನಾವಿಬ್ಬರೂ ಕಣ್ಣಾರೆ ಕಂಡವರು. ತಂದೆ ತಾಯಿ ಇಬ್ಬರಲ್ಲೂ ಅದರ ಅಂಶವಿದ್ದರೆ ಮಗುವಿಗೆ ಬರಬಹುದು, ಇಬ್ಬರ ರಕ್ತವನ್ನೂ ಕಳಿಸು ಎಂದು ಬಡಕೊಂಡೆ. ನೀನೂ ಕಳಿಸಿದೆ. ಒಂದರ ಮೇಲೆ ನಿನ್ನ ಹೆಸರು, ಇನ್ನೊಂದರ ಮೇಲೆ ಯಜಮಾನರದು, ಮುತ್ತಿನಂಥ ಅಕ್ಷರದಲ್ಲಿ.

ನಮ್ಮ ಜೆಲ್ ನೀನು ನೋಡಿದ್ದೀಯ: ತೆಳ್ಳಗೆ ನಡುಗುವ ಹಾಳೆ, ಒಂದು ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳು. ಗುಳಿಯಲ್ಲಿ ರಕ್ತದ ಮಾದರಿ ಹಾಕಿ ಕರೆಂಟು ಹರಿಸಿದರೆ ಅದರ ಕೆಂಪು ಪ್ರೋಟೀನು ಮುಂದಕ್ಕೆ ಸರಿಯುತ್ತದೆ. ಬಗೆ ಬೇರೆಯಾದರೆ ನಿಲ್ಲುವ ಜಾಗವೂ ಬೇರೆ. ನಿಮ್ಮಿಬ್ಬರ ಸಾಲುಗಳು ಅಚ್ಚು ಒತ್ತಿದ ಹಾಗೆ ಒಂದೇ. ನಮ್ಮ ಮೇಲಧಿಕಾರಿ, ಅದೇ ಗೊಣಗಪ್ಪ, ಕನ್ನಡಕ ಹಣೆಗೇರಿಸಿಕೊಂಡು, “ಒಂದೇ ಟ್ಯೂಬನ್ನ ಎರಡು ಸಲ ಹಾಕಿದೀರ. ಮೊದ್ಲು ಕಣ್ಣು ತೋರಿಸ್ಕೊಳ್ಳಿ” ಎಂದರು. ಎಲ್ಲರ ಎದುರಿಗೆ! ಹಲ್ಲು ಕಚ್ಚಿಕೊಂಡು ಹೊಸ ಜೆಲ್ ಎರೆದು ಮತ್ತೆ ಹಾಕಿದೆ. ಮತ್ತೆ ಅದೇ. ಕೊನೆಗೆ ಡಿಎನ್‌ಎ ಬಿಡಿಸಿ ನೋಡಿದೆ. ಗಂಡಸರಲ್ಲಿ ಮಾತ್ರ ಇರುವ ತುಂಡೊಂದಿದೆ, ಅದು ಜೆಲ್ ಮೇಲೆ ಪಟ್ಟಿಯಾಗಿ ಹೊಳೆಯಬೇಕು. ಹೋಲಿಕೆಗೆಂದು ಹಾಕಿದ ಗೊಣಗಪ್ಪನದು ಫಳಫಳ ಹೊಳೆಯಿತು. ನಿನ್ನ ಯಜಮಾನರ ಸಾಲಿನಲ್ಲಿ ಆ ಜಾಗ ಬೋಳು ಬೋಳು. ಅವರ ಮೀಸೆಯನ್ನು ನಾನು ಕಂಡಿರುವುದರಿಂದ, ಆ ಟ್ಯೂಬಿನಲ್ಲಿರುವುದು ಯಾರ ರಕ್ತ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಅಲ್ಲ ಕಣೆ, ಸೂಜಿ ಕಂಡರೆ ಅವರು ಧೊಪ್ಪನೆ ಬೀಳುತ್ತಾರೆ, ಗೊತ್ತು. ನಿನ್ನ ಆಸ್ಪತ್ರೆಗೆ ಬಂದು ಹಾಗೆ ಬಿದ್ದದ್ದರಿಂದಲೇ ನಿಮ್ಮಿಬ್ಬರ ಪರಿಚಯವಾದದ್ದು. ಅದಕ್ಕೆಂದು ನಿನ್ನ ತೋಳಿನಿಂದಲೇ ಎರಡೂ ಟ್ಯೂಬು ತುಂಬಿಸಿಬಿಟ್ಟೆಯಾ? ರೋಗಿಗಳ ಟ್ಯೂಬು ಅದಲುಬದಲಾದರೆ ಆಸ್ಪತ್ರೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುವವಳು ನೀನು! “ಅವರಿಗೇನೂ ಇರಲ್ಲ ಬಿಡಕ್ಕ” ಎಂದು ಫೋನಿನಲ್ಲಿ ಅಂದೆಯಲ್ಲ, ಅದರ ಅರ್ಥ ಈಗ ಆಯಿತು. ಅವರ ಮೇಲಿನ ಕನಿಕರದಲ್ಲಿ ಸ್ವಲ್ಪ ಹೊಟ್ಟೆಯೊಳಗಿನ ಜೀವಕ್ಕೂ ಎತ್ತಿಡಬಾರದಿತ್ತೇ?

ಅಮ್ಮನಿಗೆ ಇದಾವುದನ್ನೂ ಹೇಳಿಲ್ಲ. ಸೂಜಿಗೆ ಹೆದರುವ ನಿನ್ನ ವೀರ ಯಜಮಾನರಿಗೆ ನನ್ನ ಸಿಟ್ಟನ್ನೂ ನಮಸ್ಕಾರವನ್ನೂ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಪುಟಾಣಿಗೆ ದೊಡ್ಡಮ್ಮನ ಮುತ್ತು.

ನಿನ್ನ ಮೇಲೆ ಕೆಂಡಕಾರುತ್ತಿರುವ,
ಅಕ್ಕ

ಮತ್ತೆ: ಗೊಣಗಪ್ಪ ಕೂಗುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಆ ಅಂಶ ನಿನ್ನಲ್ಲಿ ಇದೆ. ಒಂದು ಪಟ್ಟಿ ಇರಬೇಕಾದಲ್ಲಿ ಎರಡು ಇವೆ. ಪಕ್ಕದ ಗುಳಿಯಲ್ಲಿ ನನ್ನ ರಕ್ತವನ್ನೂ ಹಾಕಿದ್ದೆ; ನನ್ನಲ್ಲೂ ಇದೆ. ನೀನು ಹೆದರಬೇಡ, ಇಷ್ಟು ವರ್ಷ ಜಗಳವಾಡಿಕೊಂಡು ಗಟ್ಟಿಮುಟ್ಟಾಗಿಯೇ ಇದ್ದೇವಲ್ಲ. ಮಗುವಿನ ಮಾತು ಹಾಗಲ್ಲ. ನಿನ್ನ ಯಜಮಾನರ ರಕ್ತ ನೋಡುವವರೆಗೆ ನನಗೆ ನಿದ್ದೆ ಬಾರದು, ಭಯವಾಗುತ್ತಿದೆ ಕಣೆ. ಕಾಗದ ಕೈಸೇರಿದ ದಿನವೇ ಇಬ್ಬರೂ ಹೊರಟು ಬನ್ನಿ. ಅವರ ಹೆಸರು ಬರೆದ ಖಾಲಿ ಟ್ಯೂಬು ನನ್ನ ಮೇಜಿನ ಮೇಲಿದೆ. ಚುಚ್ಚುವವಳು ನಾನು. ನೀನು ನೆಲದ ಮೇಲೆ ದಿಂಬು ಹಾಕು, ಸಾಕು.