ಬೂದಿಯ ಮೇಲಿಟ್ಟ ಗಾಳಿ ಟ್ಯಾಂಕು

ಬಳ್ಳಾರಿ
11-3-1979, ಭಾನುವಾರ

ಕುರುಗೋಡಿನ ತವರುಮನೆಯಲ್ಲಿ ಕಾಲು ಚಾಚಿ ಕೂತಿರುವ ಗುರುಬಸಮ್ಮನಿಗೆ, ಬಳ್ಳಾರಿಯಿಂದ ನಿನ್ನ ಗಂಡ ಬರೆಯುವುದು. ನಾನು ಚೆನ್ನಾಗಿದ್ದೇನೆ. ನೀವಿಬ್ಬರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಬ್ಬರೂ ಎಂದರೆ ನೀನು ಮತ್ತು ನಿಮ್ಮವ್ವ ಅಲ್ಲ, ನೀನು ಮತ್ತು ಹೊಟ್ಟೆಯೊಳಗಿನ ಕೂಸು.

ನಿನ್ನ ತಮ್ಮನ ಕೈಯಲ್ಲಿ ಹೇಳಿ ಕಳಿಸಿದ ಮಾತು ಮುಟ್ಟಿತು. “ಪಕ್ಕೀರಮ್ಮ ನಿಮ್ಮನ್ನ ಬಸ್ ಸ್ಟ್ಯಾಂಡಿನ್ಯಾಗ ನೋಡ್ಯಾಳ. ಊರಿಗೆ ಬಂದು ಮನೀಗೆ ಬರಲಾರದಂಗ ಹೋಗಾಕ ನಾ ಏನು ತಪ್ಪು ಮಾಡೀನಿ?” ಎಂದು ಕೇಳಿದ್ದೀಯಂತೆ. ನಿಮ್ಮ ಓಣಿಯ ಪಕ್ಕೀರಮ್ಮನ ಕಣ್ಣಿಗೆ ಇರುವೆಯೂ ತಪ್ಪುವುದಿಲ್ಲ, ನಾನು ಎಲ್ಲಿ ತಪ್ಪಿಸಿಕೊಳ್ಳಲಿ. ಹೌದು, ಗುರುವಾರ ಬಂದಿದ್ದೆ. ನೀನು ಏನೂ ಮಾಡಿಲ್ಲ. ಮಾಡಿದವನು ನಾನು. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ನೀನು ಊರಿಗೆ ಹೋಗುವ ಹಿಂದಿನ ದಿನದ ಜಗಳ ನೆನಪಿದೆಯಲ್ಲ. ಲಾರಿ ಮಾಲೀಕರಿಗೆ ಈಗ ಬ್ರಷ್ಷಿನ ಕೆಲಸ ಹಿಡಿಸುವುದಿಲ್ಲ, ಗನ್ನಿನಲ್ಲಿ ಹೊಡೆದ ಬಣ್ಣವೇ ಬೇಕು. ಗನ್ನು ತಂದೆ, ಮೋಟಾರು ತಂದೆ, ಗಾಳಿ ತುಂಬಿಡುವ ಟ್ಯಾಂಕು ಒಂದು ಬಾಕಿ ಇತ್ತು. ನೀನು ಅಕ್ಕಿ ಆರಿಸುತ್ತ ತಲೆ ಎತ್ತದೆ ಹೇಳಿದೆ: “ಬಣ್ಣ ನೋಡಿ ಮರುಳಾಗಬ್ಯಾಡ್ರಿ. ಸಂತ್ಯಾಗ ಕೊಡ ತೊಗೊಂಡಂಗ ತೊಗೊಳ್ರಿ. ಬೆರಳ ಗೆಣ್ಣಿಲೆ ಬಡದು ಕಿವಿ ಕೊಡ್ರಿ. ನೀರು ತುಂಬಿ ಒಣ ಬೂದಿ ಮ್ಯಾಲ ಇಡ್ರಿ. ಬೂದಿ ಸುಳ್ಳು ಹೇಳಂಗಿಲ್ಲ.” ನಾನು ದೊಡ್ಡ ಮನುಷ್ಯ ನೋಡು, “ಅಡಗಿ ಮನಿ ಬುದ್ಧಿ ಶೆಡ್ಡಿಗೆ ತರಬ್ಯಾಡ” ಎಂದೆ. ನೀನು ಮತ್ತೆ ಮಾತಾಡಲಿಲ್ಲ. ಮರುದಿನ ಬಸ್ಸು ಹತ್ತುವಾಗಲೂ ಮಾತಾಡಲಿಲ್ಲ.

ಗುಜರಿ ಚಂದ್ರಣ್ಣನ ಅಂಗಡಿಯಲ್ಲಿ ಎರಡು ಟ್ಯಾಂಕುಗಳಿದ್ದವು. ಒಂದು ಕಪ್ಪಗೆ, ದಪ್ಪಗೆ, ಮೈಯೆಲ್ಲ ಬೆಸುಗೆಯ ಗೀರು ಕಾಣುವಂಥದ್ದು. ಇನ್ನೊಂದು ಹಸಿರು, ಕನ್ನಡಿಯಂತೆ ಹೊಳೆಯುತ್ತಿತ್ತು. “ಸಿರುಗುಪ್ಪದ ಗಿರಣಿ ಮಾಲು ಅಣ್ಣ, ಮೈ ನೋಡು, ಒಂದು ಗೀರಿಲ್ಲ” ಎಂದ. ಇಪ್ಪತ್ತು ವರ್ಷದಿಂದ ಲಾರಿಗಳ ತಗ್ಗು, ತೂತು, ತುಕ್ಕನ್ನೆಲ್ಲ ಲಪ್ಪಂ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಬಳಿದು ಮುಚ್ಚುವುದೇ ನನ್ನ ಹೊಟ್ಟೆಪಾಡು. ಅಂಥವನು ಬಣ್ಣ ನೋಡಿ ಹಸಿರನ್ನೇ ಆರಿಸಿ ತಂದೆ. ತಂದು ಶೆಡ್ಡಿನ ಒಳಮನೆ ಕಡೆಯ ಗೋಡೆಗೆ ಒರಗಿಸಿ ನಿಲ್ಲಿಸಿದೆ.

ಕಳೆದ ಸೋಮವಾರ ಶೆಡ್ಡಿಗೆ ರಜೆ. ತೊಟ್ಟಿಲು ಕಟ್ಟಲು ಒಳಮನೆಯ ತೊಲೆಗೆ ಕೊಂಡಿ ಹೊಡೆಯುತ್ತಿದ್ದೆ. ಸುತ್ತಿಗೆಯ ಏಟಿಗೆ ಗೋಡೆಯ ಆಚೆ ಏನೋ ಗುಂಯ್ ಎಂದಿತು. ಟ್ಯಾಂಕು. ನಮ್ಮ ಕೂಸಿನ ತಲೆ ಬರುವ ಕಡೆಗೂ ಆ ಟ್ಯಾಂಕಿಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಮಂಗಳವಾರ ಮೋಟಾರು ಹಾಕಿ ಅದಕ್ಕೆ ಗಾಳಿ ತುಂಬಬೇಕಿತ್ತು. ಕಬ್ಬಿಣ ಸೋತಿದ್ದರೆ ತುಂಬಿದ ಗಾಳಿಗೆ ಟ್ಯಾಂಕು ಸಿಡಿದು ಗೋಡೆಯನ್ನೂ ಬಿಡುವುದಿಲ್ಲ. ಏಣಿ ಇಳಿದೆ. ನಿನ್ನ ಒಲೆಯ ಬೂದಿ ತಂದು ಸುರಿದೆ, ಟ್ಯಾಂಕಿಗೆ ನೀರು ತುಂಬಿ ಅದರ ಮೇಲೆ ಮಲಗಿಸಿದೆ. ಯಾರಾದರೂ ನೋಡಿಯಾರೆಂದು ಬಾಗಿಲು ಹಾಕಿಕೊಂಡೆ, ಅಷ್ಟು ನಾಚಿಕೆ ನನಗೆ.

ಮಧ್ಯಾಹ್ನ ಉಂಡು ಬಂದು ನೋಡಿದರೆ ಬೂದಿಯಲ್ಲಿ ಅಂಗೈಯಗಲ ಹಸಿ. ನೀರು ಚೆಲ್ಲಿ, ಆ ಜಾಗ ಕೆರೆದೆ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಲಪ್ಪಂ. ಕೆಂಪು ಲಪ್ಪಂ, ಗುರುಬಸಮ್ಮ. ಅದಿರಿನ ಲಾರಿಯ ತೊಟ್ಟಿ ಗುಡಿಸಿ ಆ ಕೆಂಪು ಪುಡಿಯನ್ನು ಲಪ್ಪಂಗೆ ಕಲಸುವುದು ನನ್ನ ಗುರು ಉಚ್ಚೆಂಗೆಪ್ಪ ಕಲಿಸಿದ ಪಾಠ. ಅವರು ಹೋದ ಮೇಲೆ ಈ ಊರಿನಲ್ಲಿ ಹಾಗೆ ಕಲಸುವ ಕೈ ಒಂದೇ. ನನ್ನದು.

ಆಗ ನೆನಪಾಯಿತು. ನಮ್ಮ ಮದುವೆಗೆ ಮೊದಲು ಸಿರುಗುಪ್ಪದವನೊಬ್ಬ ಎರಡು ಟ್ಯಾಂಕು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. “ಸ್ವಲ್ಪ ಮೈ ಚಂದ ಮಾಡಿ ಕೊಡು, ಮಾರೂದೈತಿ” ಎಂದಿದ್ದ. ತುಕ್ಕು ತಿಂದು ತೆಳ್ಳಗಾದ ತಗ್ಗುಗಳನ್ನು ಮುಚ್ಚಿ ನೀಲಿ ಬಣ್ಣ ಹೊಡೆದು ಕೊಟ್ಟಿದ್ದೆ. ಯಾರ ಮನೆಗೆ ಹೋಗುತ್ತವೆ, ಯಾರ ಗೋಡೆಗೆ ಒರಗುತ್ತವೆ ಎಂದು ನಾನು ಕೇಳಲಿಲ್ಲ. ಒಂದು ಸುತ್ತಾಡಿ ನಮ್ಮ ತೊಟ್ಟಿಲಿನ ಪಕ್ಕಕ್ಕೇ ಬಂತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ. ಆದರೆ ನಾನು ಮಾಡಿದ್ದನ್ನು ಉಣ್ಣಬೇಕಾಗಿದ್ದವರು ನೀವಿಬ್ಬರು. ಅಲ್ಲೇ ಬೂದಿಯ ಪಕ್ಕ ಕೂತು ಅತ್ತೆ.

ಇನ್ನೊಂದು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನಿಮ್ಮೂರ ಬಸ್ ಸ್ಟ್ಯಾಂಡಿನ ಎದುರು, ಗಾದೆಪ್ಪನ ಸೈಕಲ್ ಅಂಗಡಿಯಲ್ಲಿ. ನಿನ್ನನ್ನು ನೋಡಲು ಬರುವ ದಿನ ಅದರಿಂದಲೇ ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು, ನನ್ನ ಬಣ್ಣ ನೋಡಿ ನಾನೇ ಹಿಗ್ಗಿದ್ದೆ. ಗುರುವಾರ ಹೋಗಿ ಎಲ್ಲ ಹೇಳಿದೆ. ಗಾದೆಪ್ಪ ಬಯ್ಯಲಿಲ್ಲ. ಗಾಳಿಯೆಲ್ಲ ಬಿಟ್ಟು, ಕೆರೆದು, ಸ್ಕ್ರೂಡ್ರೈವರಿನ ತುದಿ ಒತ್ತಿದ. ಹಪ್ಪಳಕ್ಕೆ ಚುಚ್ಚಿದಂತೆ ಒಳಗೆ ಹೋಯಿತು. ಅದನ್ನು ಹೊರಗೆಳೆದು ಹೇಳಿದ: “ದಿನಾ ಮಧ್ಯಾಹ್ನ ಇದಕ್ಕ ಬೆನ್ನು ಹಚ್ಚಿ ರೊಟ್ಟಿ ತಿಂತೀನಿ ನಾನು. ನೀನ ಬಂದು ಹೇಳಿದಿ, ಛಲೋ ಆತು. ಮದ್ಲು ನಿನ್ನ ಹೆಂಡ್ತಿಗೆ ಹೇಳು ಹೋಗು.”

ನಿಮ್ಮ ಓಣಿಯ ತಿರುವಿನ ತನಕ ಬಂದೆ. ನೀನು ಕಟ್ಟೆಯ ಮೇಲೆ ಕೂತಿದ್ದೆ, ನಿಮ್ಮವ್ವ ತಲೆ ಬಾಚುತ್ತಿದ್ದರು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಏನೋ ಹೇಳಿ ನಗುತ್ತಿದ್ದೆ. ಆ ನಗುವಿನ ಎದುರಿಗೆ ಇದನ್ನು ತಂದು ಇಡಲಾಗಲಿಲ್ಲ. ಹಾಗೇ ತಿರುಗಿ ಬಸ್ಸು ಹತ್ತಿದೆ.

ಹಸಿರು ಟ್ಯಾಂಕನ್ನು ಚಂದ್ರಣ್ಣನಿಗೆ ವಾಪಸು ಕೊಡಲಿಲ್ಲ. ಕೊಟ್ಟರೆ ಇನ್ನೊಬ್ಬ ಪೇಂಟರ್ ಅದಕ್ಕೆ ಕೆಂಪು ಬಣ್ಣ ಹೊಡೆದಾನು. ವೆಲ್ಡಿಂಗ್ ದುರುಗಪ್ಪನ ಹತ್ತಿರ ಗ್ಯಾಸಿನಲ್ಲಿ ಎರಡು ಸೀಳು ಮಾಡಿಸಿದೆ. ಆ ಕಪ್ಪು ಟ್ಯಾಂಕನ್ನೇ ತಂದೆ. ಎರಡು ದಿನ ಬೂದಿಯ ಮೇಲಿಟ್ಟೆ, ಈ ಸಲ ಬಾಗಿಲು ತೆರೆದೇ. ಬೂದಿ ಒಣಗಿಯೇ ಇದೆ. ಆದರೂ ಅದನ್ನು ಗೋಡೆಯ ಹತ್ತಿರ ಇಟ್ಟಿಲ್ಲ, ರಸ್ತೆಗೂ ದೂರವಾಗಿ ಹಿತ್ತಲ ಬೇವಿನ ಮರದ ಆಚೆ ಮಣ್ಣು ಪೇರಿಸಿದ ಕಟ್ಟೆಯ ಹಿಂದೆ ನಿಲ್ಲಿಸಿದ್ದೇನೆ. ನಾನೂ ಬಡಿದು ಕಿವಿ ಕೊಟ್ಟೆ, ಆದರೆ ನನ್ನ ಕಿವಿಯ ಮೇಲೆ ನನಗೆ ನಂಬಿಕೆಯಿಲ್ಲ. ನೀನು ಬಂದು ನಿನ್ನ ಗೆಣ್ಣಿನಿಂದ ಬಡಿದು ‘ಹೂಂ’ ಅನ್ನುವ ತನಕ ಮೋಟಾರು ಹಾಕುವುದಿಲ್ಲ. ಹೆರಿಗೆ, ಬಾಣಂತನ ಎಲ್ಲ ಮುಗಿಯಲು ಐದಾರು ತಿಂಗಳಾದರೂ ಆಗಲಿ. ಲಾರಿಯವರು ನಗಲಿ, ಬ್ರಷ್ಷು ಇದೆ.

ಈ ಕಾಗದ ಓದಿ ಸಿಟ್ಟು ಬಂದರೆ ಬರಲಿ. ಬಯ್ಯಬೇಕೆನಿಸಿದರೆ ಬಯ್ದು ಕಳಿಸು. ಮಾತು ಬಿಡಬೇಡ, ಅಷ್ಟೇ. ಮಾತು ಬಿಟ್ಟು ನೀನು ಬಸ್ಸು ಹತ್ತಿದ ದಿನದಿಂದ ಈ ಮನೆಯಲ್ಲಿ ನನಗೆ ಉಂಡದ್ದು ಮೈಗೆ ಹತ್ತಿಲ್ಲ.

ನಿನಗೆ ಸುಖವಾಗಿ ಹೆರಿಗೆಯಾಗಲಿ, ಬಸವಣ್ಣ ತಾಯಿ ಮಗು ಇಬ್ಬರನ್ನೂ ಕಾಯಲಿ. ತೊಟ್ಟಿಲು ಬಂದಿದೆ. ಅದಕ್ಕೆ ಇನ್ನೂ ಬಣ್ಣ ಹಚ್ಚಿಲ್ಲ. ಮೊದಲು ನೀನು ಅದರ ಮರ ನೋಡು, ಆಮೇಲೆ ಗಿಳಿ ಬರೆಯುತ್ತೇನೆ.

ಬ್ರಷ್ಷು ಹಿಡಿದು ದಾರಿ ನೋಡುತ್ತಿರುವ,
ನಿನ್ನ ಮರಿಬಸಪ್ಪ