ಹಾರ್ಮೋನಿಯಂ ಪೆಟ್ಟಿ

ವಿಠ್ಠಲ ಮಾವ,

ತಪ್ಪು ಬರೆದಿದ್ದು ನಾನಲ್ಲ, ಬರೆಸಿದ್ದು ನೀವು. ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟ ಅಳಿಯ ತಪ್ಪು ಬರೆದು ಕೆಡಿಸಿಬಿಟ್ಟ ಅಂತ, ಪೆಟ್ಟಿಗೆ ಕೊಂಡ ಆ ಪೆರಂಬೂರಿನ ಅಮ್ಮನಿಗೆ ಹೇಳೋಕೆ ನಾಚಿಕೆ ಆಗ್ಲಿಲ್ವಾ? ಹಾರ್ಮೋನಿಯಂ ಇಡೋ ಆ ಪೆಟ್ಟಿಗೆನ ಹರಾಜಿನ ವೆಬ್‌ಸೈಟಿಗೆ ಹಾಕೋವಾಗ "ಖಾಲಿ ಪೆಟ್ಟಿಗೆ ಅಂತ ಹಾಕ್ಲಾ?" ಅಂತ ಕೇಳಿದೆ. "ಹಾರ್ಮೋನಿಯಂ ಪೆಟ್ಟಿ ಅಂತ ಹಾಕೋ ತಂಬಿ, ನಂಗೇ ಭಾಷೆ ಕಲಿಸ್ತೀಯಾ?" ಅಂದ್ರಿ. ಈ ತಮಿಳರ ಊರಲ್ಲಿ ಪೆಟ್ಟಿ ಅಂದ್ರೆ ನುಡಿಸೋ ಹಾರ್ಮೋನಿಯಮ್ಮೇ ಅಂತ ವಾರವಾರ ಭಜನೆಗೆ ಹೋಗೋ ನಿಮಗೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಅದಕ್ಕೇ ಮುಚ್ಚಳ ತೆಗೆದು ಫೋಟೋ ಹಿಡೀಬೇಡ ಅಂದ್ರಿ. ಆಯಮ್ಮ ಮಗಳ ಪಾಠಕ್ಕೆ ಅಂತ ಕೂಗಿ ಗೆದ್ದು, ಪಾರ್ಸೆಲ್ ಬಿಚ್ಚಿದ್ರೆ ಒಳಗೆ ಬರೀ ಗಾಳಿ.

ಅವರ ಕಂಪ್ಲೇಂಟಿಗೆ ನಾನೇ ಉತ್ತರ ಹಾಕಿದ್ದೀನಿ: ಖಾಲಿ ಅಂತ ಗೊತ್ತಿದ್ದೇ ಮಾರಿದ್ವಿ, ವಾಪಸ್ ತಗೊಳ್ತೀವಿ. ನಾಳೆ ಹನ್ನೊಂದಕ್ಕೆ ಕೊರಿಯರ್‌ನವನು ಬರ್ತಾನೆ. ಪೆಟ್ಟಿಗೆ ಇಸ್ಕೊಂಡು ಸೈನ್ ಹಾಕಿ. ಅಷ್ಟು ಅಕ್ಷರ ನಿಮಗೆ ಬರುತ್ತಲ್ಲ. ವೆಬ್‌ಸೈಟಿನ ಪಾಸ್‌ವರ್ಡ್ ಪಂಚಾಂಗದ ಹಿಂದೆ ಬರೆದಿದ್ದೀನಿ. ಇನ್ಮೇಲೆ ನನಗೆ ಅನ್ನ ಇಡೋದು ಬೇಡ ಅಂತ ಅತ್ತೆಗೆ ಹೇಳಿ.

ನೀವು ಪೂಜೆಗೆ ಕೂತಿದ್ದೀರಿ. ಬಾಗಿಲು ಧಡಾರ್ ಅಂದ್ರೆ ಗಾಳಿ ಅಂದ್ಕೋಬೇಡಿ, ಅದು ನಾನು.

ಪ್ರಾಣೇಶ